ಹಿಂದಿನ ಸಾಲಿನಲ್ಲಿ ಕೂತ ಟೀಚರ್‌ಗಳು

ಬೋರ್ಡಿನ ಮೇಲೆ ಎರಡೇ ಎರಡು ಸಂಖ್ಯೆ ಬರೆದಿದ್ದೆ. 0.45 ಮತ್ತು 0.6. ಯಾವುದು ದೊಡ್ಡದು, ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದೆ. ಏಳನೇ ತರಗತಿ, ಇಪ್ಪತ್ತಾರು ಮಕ್ಕಳು. ಹಿಂದಿನ ಗೋಡೆ ಪಕ್ಕ ನಾಲ್ಕು ಕುರ್ಚಿ. ಅದರಲ್ಲಿ ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಬೇರೆ ಬೇರೆ ಶಾಲೆಗಳಲ್ಲಿ ಗಣಿತ ಹೇಳಿಕೊಡುವ ನಾಲ್ಕು ಜನ ಕೂತಿದ್ದರು. ಕೈಯಲ್ಲಿ ಪೆನ್ನು, ಹಾಳೆ. ಹದಿನೇಳು ವರ್ಷ ಪಾಠ ಮಾಡಿದ ಮೇಲೂ ಆ ದಿನ ನನ್ನ ಅಂಗೈ ಬೆವರಿತ್ತು.

ಸಾಲುಗಳ ನಡುವೆ ಓಡಾಡುತ್ತಾ ನೋಟ್‌ಬುಕ್ ನೋಡಿದೆ. ಹದಿನೈದು ಮಕ್ಕಳು 0.45 ದೊಡ್ಡದು ಅಂತ ಬರೆದಿದ್ದರು. ಹನ್ನೊಂದು ಮಕ್ಕಳು 0.6 ಅಂದಿದ್ದರು. ಯಾವಾಗಲೂ ಮಾಡುವ ಹಾಗೆ ಸರಿ ಉತ್ತರ ಬರೆದವರಿಗೆ ರೈಟ್ ಹಾಕಿದೆ. ಅವರಲ್ಲಿ ಒಬ್ಬನನ್ನು ಎಬ್ಬಿಸಿ ಉತ್ತರ ಹೇಳಿಸಿದೆ. ಬೋರ್ಡಿನಲ್ಲಿ 0.6ರ ಮುಂದೆ ಒಂದು ಸೊನ್ನೆ ಸೇರಿಸಿ, ನೋಡಿ, ಅರವತ್ತು ದೊಡ್ಡದೋ ನಲವತ್ತೈದು ದೊಡ್ಡದೋ ಅಂತ ಕೇಳಿದೆ. ಎಲ್ಲರೂ ಒಟ್ಟಿಗೆ ಅರವತ್ತು ಅಂದರು. ಪಾಠ ಚೆನ್ನಾಗಿ ಆಯಿತು ಅಂತಲೇ ನನಗೆ ಅನ್ನಿಸಿತು.

ಪಾಠ ಮುಗಿದ ಮೇಲೆ ಐದೂ ಜನ ಲೈಬ್ರರಿ ರೂಮಿನಲ್ಲಿ ಕೂತೆವು. ಮೊದಲೇ ಒಂದು ಮಾತಾಗಿತ್ತು. ಟೀಚರ್ ಹೇಗೆ ಪಾಠ ಮಾಡಿದರು ಅಂತ ಯಾರೂ ಹೇಳಬಾರದು. ಮಕ್ಕಳು ಏನು ಮಾಡಿದರು, ಏನು ಮಾತಾಡಿದರು ಅಷ್ಟನ್ನೇ ಹೇಳಬೇಕು. ಅದಕ್ಕೇ ಒಬ್ಬೊಬ್ಬರು ಆರೇಳು ಮಕ್ಕಳನ್ನು ಹಂಚಿಕೊಂಡು, ಲೆಕ್ಕ ಕೊಟ್ಟ ಮೇಲೆ ಅವರ ಪಕ್ಕ ಹೋಗಿ ಸುಮ್ನೆ ನಿಂತಿದ್ದರು.

ನಮ್ಮಲ್ಲಿ ಎಲ್ಲರಿಗಿಂತ ಕಿರಿಯರಾದ ಸರ್ ಮೊದಲು ಮಾತಾಡಿದರು. "ಮೇಡಂ, ಎರಡನೇ ಸಾಲಿನ ಹುಡುಗ 0.6 ಅಂತ ಬರೆದ. ನೀವು ರೈಟ್ ಹಾಕಿದ್ರಿ. ಅವನು ಪಕ್ಕದವನಿಗೆ ಏನು ಹೇಳ್ತಿದ್ದ ಗೊತ್ತಾ? ಆರು ಬಾಲ್ ಆದ್ರೆ ಒಂದು ಓವರ್ ಪೂರ್ತಿ ಆಗೋಯ್ತು ಕಣೋ, ಅದಕ್ಕೇ ಅದು ದೊಡ್ದು ಅಂದ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಕ್ರಿಕೆಟ್ ಸ್ಕೋರಿನಲ್ಲಿ 19.5 ಅಂದರೆ ಹತ್ತೊಂಬತ್ತು ಓವರ್, ಐದು ಬಾಲ್. ಮುಂದಿನ ಬಾಲ್ ಬಿದ್ದರೆ 20. ಅಲ್ಲಿರುವ ಚುಕ್ಕೆ ದಶಮಾಂಶದ ಚುಕ್ಕೆಯೇ ಅಲ್ಲ. ಆದರೆ ನೋಡೋಕೆ ಹಾಗೇ ಇದೆ. ಆ ಹುಡುಗ ದಿನಾ ಸಂಜೆ ಟಿವಿಯಲ್ಲಿ ನೋಡೋದು ಆ ಚುಕ್ಕೆಯನ್ನೇ. ಅವನ ಪ್ರಕಾರ 0.6 ಅಂದರೆ ಒಂದು. ಉತ್ತರ ಸರಿ, ಕಾರಣ ಪೂರ್ತಿ ಬೇರೆ. ಅವನ ನೋಟ್‌ಬುಕ್ಕಿನಲ್ಲಿ ನನ್ನ ಕೆಂಪು ರೈಟ್ ಮಾರ್ಕ್ ಇತ್ತು.

ಆಮೇಲೆ ಹಿರಿಯ ಮೇಡಂ ಹೇಳಿದರು. ಅವರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಕಿಟಕಿ ಪಕ್ಕ ಕೂತಿದ್ದ ಹುಡುಗಿಯನ್ನು ಅವರು ನೋಡುತ್ತಿದ್ದರು. ಆ ಹುಡುಗಿ 0.45 ದೊಡ್ಡದು ಅಂತ ಬರೆದಳು. ನಾನು ಅವಳ ಹತ್ತಿರ ನಿಲ್ಲದೆ ಮುಂದೆ ಹೋದೆ. ನಾನು ಹೋದ ಮೇಲೆ ಅವಳು ಗೆಳತಿಗೆ ಪಿಸುಗುಟ್ಟಿದಳಂತೆ. "ಡೈರೀಲಿ ಹಂಗಲ್ಲ ಕಣೆ. ಎಸ್ಸೆನ್ನೆಫ್ 8.5 ಬರ್ಬೇಕು. ಮೊನ್ನೆ 8.45 ಬಂತು, ಕಮ್ಮಿ ಆಯ್ತು ಅಂತ ಅಪ್ಪ ಬೇಜಾರು ಮಾಡ್ಕೊಂಡ್ರು. ಇಲ್ಲಿ ಬೇರೆ ತರ ಇರ್ಬೇಕು."

ಆ ಮಗು ದಿನಾ ಬೆಳಿಗ್ಗೆ ಕ್ಯಾನ್ ಹಿಡಿದು ಹಾಲಿನ ಡೈರಿಗೆ ಹೋಗುತ್ತದೆ. ಕೊಬ್ಬು ಎಷ್ಟು, ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಅಂದರೆ ಎಸ್ಸೆನ್ನೆಫ್, ಎಷ್ಟು ಅಂತ ಬರೆದ ಚೀಟಿ ತಂದು ಅಪ್ಪನ ಕೈಗೆ ಕೊಡುತ್ತದೆ. 8.45 ಅನ್ನೋದು 8.5ಕ್ಕಿಂತ ಕಮ್ಮಿ ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ಅವಳ ಮನೆಯ ದುಡ್ಡಿದೆ. ಆದರೂ ಶಾಲೆಯ ಗಣಿತ ಬೇರೆಯೇ ಇರಬೇಕು ಅಂದುಕೊಂಡು, ಗೊತ್ತಿದ್ದ ಸತ್ಯವನ್ನು ಪಕ್ಕಕ್ಕಿಟ್ಟು ತಪ್ಪು ಬರೆದಳು.

ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೇಳು ವರ್ಷದಲ್ಲಿ ಇಂಥ ಎಷ್ಟು ಪಿಸುಮಾತು ನನ್ನ ಬೆನ್ನ ಹಿಂದೆ ಆಗಿಹೋಗಿರಬಹುದು? ಬೋರ್ಡಿನ ಮುಂದೆ ನಿಂತವರಿಗೆ ಇಪ್ಪತ್ತಾರು ಮಕ್ಕಳ ಮಾತು ಒಟ್ಟಿಗೆ ಕೇಳಿಸೋದಿಲ್ಲ. ಇನ್ನೊಂದು ಜೊತೆ ಕಣ್ಣು, ಕಿವಿ ಬೇಕೇ ಬೇಕು. ಅದೂ ಗಣಿತ ಗೊತ್ತಿರುವವರದ್ದು. ಬೇರೆ ಯಾರೇ ಆ ಮಾತು ಕೇಳಿದ್ದರೂ ಮಕ್ಕಳು ಹಾಲು, ಕ್ರಿಕೆಟ್ ಅಂತ ಗಲಾಟೆ ಮಾಡ್ತಿದ್ರು ಅಂದುಕೊಳ್ಳುತ್ತಿದ್ದರು, ಅಲ್ವಾ?

ಇಂಥ ಜೊತೆ ನಮಗೆ ಶಾಲೆಯೊಳಗೆ ಸಿಗೋದು ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ ನೋಡಿ. ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಮತ್ತು ಗಣಿತ ಎರಡಕ್ಕೂ ಸೇರಿ ಕನಿಷ್ಠ ಒಬ್ಬ ಶಿಕ್ಷಕರಿರಬೇಕು. ಸಣ್ಣ ಹಳ್ಳಿಯ ಶಾಲೆಗಳಲ್ಲಿ ಆ ಒಬ್ಬರೇ ಎಲ್ಲ. ಬೆಳಿಗ್ಗೆ ಭಿನ್ನರಾಶಿ, ಮಧ್ಯಾಹ್ನ ದ್ಯುತಿಸಂಶ್ಲೇಷಣೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ಇರುತ್ತಾರೆ, ಪ್ರೀತಿಯಿಂದಲೂ ಇರುತ್ತಾರೆ. ಆದರೆ ಈ ಮಗು ಅರ್ಧಕ್ಕೆ ಮೂರನೇ ಒಂದು ಸೇರಿಸಿ ಐದನೇ ಎರಡು ಅಂತ ಯಾಕೆ ಬರೀತು ಅಂತ ಯಾರನ್ನು ಕೇಳೋದು? ಗಣಿತದ ಟೀಚರ್ ಅಂದರೆ ಒಂಟಿ ಅಂತಲೇ ನಾನು ಬಹಳ ಕಾಲ ಅಂದುಕೊಂಡಿದ್ದೆ.

ತರಬೇತಿಗಳು ಇಲ್ಲ ಅಂತಲ್ಲ. ನಾನು ಬೇಕಾದಷ್ಟಕ್ಕೆ ಹೋಗಿದ್ದೇನೆ. ಕೆಲವದರಲ್ಲಿ ಒಳ್ಳೆಯ ಸಂಪನ್ಮೂಲ ವ್ಯಕ್ತಿಗಳು ಸಿಕ್ಕಿದ್ದಾರೆ, ಕಣ್ಣು ತೆರೆಸಿದ್ದಾರೆ. ಆದರೆ ತರಬೇತಿಯಲ್ಲಿ ಮಕ್ಕಳು ಇರೋದಿಲ್ಲ. ದೊಡ್ಡವರ ಮುಂದೆ ದೊಡ್ಡವರು ಪಾಠದ ಬಗ್ಗೆ ಮಾತಾಡುತ್ತಾರೆ. ಐದು ದಿನ ಕಳೆದು ವಾಪಸ್ ಬಂದರೆ ಅದೇ ಕೊಠಡಿ, ಅದೇ ನಾನು. ಅಲ್ಲಿ ಕೇಳಿದ್ದನ್ನು ಇಲ್ಲಿ ಮಾಡುವಾಗ ಎಡವಿದರೆ ಕೇಳೋಕೆ ಯಾರೂ ಇಲ್ಲ.

ಹತ್ತಿರದ ಶಾಲೆಗಳ ಶಿಕ್ಷಕರು ಸೇರಿ ಕಲಿಯಬೇಕು ಅನ್ನೋ ಯೋಚನೆ ನಮ್ಮಲ್ಲಿ ಹಳೆಯದೇ. 1994ರಲ್ಲಿ ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಬ್ಲಾಕ್ ಮಟ್ಟದಲ್ಲಿ ಬಿಆರ್‌ಸಿ, ಅದರ ಕೆಳಗೆ ಕ್ಲಸ್ಟರ್ ಮಟ್ಟದಲ್ಲಿ ಸಿಆರ್‌ಸಿ ಅನ್ನೋ ಸಂಪನ್ಮೂಲ ಕೇಂದ್ರಗಳ ಏರ್ಪಾಡು ಬೆಳೆದದ್ದು ಆ ಕಾಲದಲ್ಲಿ. ಅದರ ಮರುವರ್ಷ, 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆಡುತ್ತಾ ಹಾಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿತು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದರು. ನೋಡಿದ್ದನ್ನು ಹಾಗೇ ತಂದು ಹಚ್ಚಲಿಲ್ಲ. ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ತರಗತಿಯಲ್ಲಿ ಮಾಡಿ ನೋಡಿದರು, ತಿದ್ದಿದರು. ಆಮೇಲೆ ಅದು ಇಡೀ ರಾಜ್ಯದ ಪದ್ಧತಿಯಾಯಿತು. ನಮ್ಮಂಥ ಮೇಷ್ಟ್ರುಗಳೇ ಅದನ್ನು ಮಾಡಿದ್ದು ಅನ್ನೋದು ನನಗೆ ಇವತ್ತಿಗೂ ಧೈರ್ಯ ಕೊಡುತ್ತದೆ. 2010ರ ನಂತರ ಹೈಸ್ಕೂಲ್ ಗಣಿತ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಬಂತು. ನನ್ನ ಗೆಳತಿಯೊಬ್ಬಳು ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ಕಲಿತದ್ದು ಅಲ್ಲೇ.

ನಮ್ಮ ಐದು ಜನರ ಗುಂಪಿಗೆ ದಾರಿ ಸಿಕ್ಕಿದ್ದು ಮಾತ್ರ ಜಪಾನಿನಿಂದ. ಅಲ್ಲಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜುಗ್ಯೋ ಕೆನ್ಕ್ಯೂ ಅನ್ನೋ ಪದ್ಧತಿ ಇದೆ. ಜುಗ್ಯೋ ಅಂದರೆ ಪಾಠ, ಕೆನ್ಕ್ಯೂ ಅಂದರೆ ಅಧ್ಯಯನ. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಕೂತು ತಯಾರು ಮಾಡುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಚರ್ಚೆ. ಪಾಠವನ್ನು ತಿದ್ದಿ ಇನ್ನೊಬ್ಬರು ಇನ್ನೊಂದು ತರಗತಿಯಲ್ಲಿ ಮಾಡುತ್ತಾರೆ. 1990ರ ದಶಕದಲ್ಲಿ ಜಪಾನ್, ಜರ್ಮನಿ, ಅಮೆರಿಕದ ಎಂಟನೇ ತರಗತಿ ಗಣಿತ ಪಾಠಗಳನ್ನು ವಿಡಿಯೊ ಮಾಡಿ ಹೋಲಿಸಿದರು. ಅದರ ಮೇಲೆ ಕೆಲಸ ಮಾಡಿದ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ಅನ್ನೋ ಅಮೆರಿಕದ ಸಂಶೋಧಕರು 1999ರಲ್ಲಿ ಈ ಪದ್ಧತಿಯ ಬಗ್ಗೆ ವಿವರವಾಗಿ ಬರೆದ ಮೇಲೆ ಹೊರಗಿನವರಿಗೆ ಇದು ಹೆಚ್ಚು ಗೊತ್ತಾಯಿತು.

ಅದರಲ್ಲಿ ನನ್ನನ್ನು ಹಿಡಿದಿಟ್ಟ ವಿಷಯ ಒಂದಿದೆ. ಒಂದನೇ ತರಗತಿಯ ಕಳೆಯುವ ಲೆಕ್ಕಕ್ಕೆ ಯಾವ ಎರಡು ಸಂಖ್ಯೆ ಕೊಡಬೇಕು ಅಂತ ಅಲ್ಲಿನ ಶಿಕ್ಷಕರು ಗಂಟೆಗಟ್ಟಲೆ ಮಾತಾಡುತ್ತಾರೆ. ಮೊದಲು ನನಗೆ ಅದು ಅತಿ ಅನ್ನಿಸಿತ್ತು. ಯೋಚಿಸಿದರೆ ಅಲ್ಲ. 12ರಲ್ಲಿ 3 ಕಳೆ ಅಂದರೆ ಮಗು ಬೆರಳು ಮಡಚಿ ಹಿಂದಕ್ಕೆ ಎಣಿಸುತ್ತದೆ. 13ರಲ್ಲಿ 9 ಕಳೆ ಅಂದರೆ ಅಷ್ಟು ದೂರ ಹಿಂದಕ್ಕೆ ಎಣಿಸೋದು ಕಷ್ಟ. ಹತ್ತರಿಂದ ಒಂಬತ್ತು ತೆಗೆದು, ಉಳಿದ ಒಂದಕ್ಕೆ ಮೂರು ಸೇರಿಸೋ ಉಪಾಯ ಹೊಳೆಯಬಹುದು. ಸಂಖ್ಯೆ ಬದಲಾದರೆ ಮಗುವಿನ ಯೋಚನೆಯೇ ಬದಲಾಗುತ್ತದೆ.

ನಾವೂ 0.45, 0.6 ಅಂತ ಸುಮ್ನೆ ಆರಿಸಿರಲಿಲ್ಲ. ಅದಕ್ಕೇ ಎರಡು ಶನಿವಾರ ಹೋಗಿತ್ತು. ಬೆಳಗಿನ ಸ್ಕೂಲ್ ಮುಗಿಸಿ, ನಡುವೆ ಇರುವ ಒಂದು ಶಾಲೆಯಲ್ಲಿ ಸೇರುತ್ತಿದ್ದೆವು. ನಾನು ಮೊದಲು ಬರೆದುಕೊಂಡು ಹೋದದ್ದು 0.7 ಮತ್ತು 0.75. ಕಿರಿಯ ಸರ್ ಬೇಡ ಅಂದರು. ಚುಕ್ಕೆಯನ್ನೇ ಮರೆತು ಎಪ್ಪತ್ತೈದು ಏಳಕ್ಕಿಂತ ದೊಡ್ಡದು ಅಂತ ಅಂದುಕೊಂಡ ಮಗುವೂ ಇದಕ್ಕೆ ಸರಿ ಉತ್ತರವನ್ನೇ ಬರೆಯುತ್ತದೆ. ತಪ್ಪು ಯೋಚನೆ ಒಳಗೇ ಉಳಿಯುತ್ತದೆ. ಎಷ್ಟು ಪರೀಕ್ಷೆಗಳಲ್ಲಿ ನಾನು ಇಂಥ ಪ್ರಶ್ನೆಯನ್ನೇ ಕೊಟ್ಟು, ಮಕ್ಕಳಿಗೆ ಬಂತು ಅಂತ ಖುಷಿಪಟ್ಟಿದ್ದೇನೋ.

ಸೊನ್ನೆ ಸೇರಿಸಿ ಸಮ ಮಾಡುವ ಉಪಾಯದ ಬಗ್ಗೆ ದೊಡ್ಡ ವಾದವೇ ಆಯಿತು. ಅದನ್ನು ಮೊದಲೇ ಹೇಳಿಕೊಡಬಾರದು, ಮಕ್ಕಳು ಯೋಚಿಸೋದು ನಿಲ್ಲಿಸುತ್ತಾರೆ ಅಂತ ಇಬ್ಬರು. ಹಿರಿಯ ಮೇಡಂ ಒಪ್ಪಲಿಲ್ಲ. "ಕಲಿಕೆ ನಿಧಾನ ಇರೋ ಮಗುಗೆ ಹಿಡ್ಕೊಳ್ಳೋಕೆ ಒಂದು ಹಗ್ಗ ಬೇಕು. ಅದನ್ನ ಕಿತ್ಕೋಬೇಡಿ" ಅಂದರು. ಅವರ ಮಾತಿನಲ್ಲಿ ಮೂವತ್ತು ವರ್ಷದ ಅನುಭವ ಇತ್ತು. ಕೊನೆಗೆ, ಮಕ್ಕಳೇ ಎಲ್ಲ ಕಾರಣಗಳನ್ನೂ ಹೇಳಿದ ಮೇಲೆ ಮಾತ್ರ ಸೊನ್ನೆಯ ಉಪಾಯ ತರೋದು ಅಂತ ಒಪ್ಪಂದವಾಯಿತು. ಆದರೆ ತರಗತಿಯಲ್ಲಿ ನಿಂತಾಗ ನನ್ನ ಹಳೆ ರೂಢಿ ಗೆದ್ದಿತು. ಹತ್ತನೇ ನಿಮಿಷಕ್ಕೇ ಸೊನ್ನೆ ಸೇರಿಸಿಬಿಟ್ಟೆ. ಆ ಹುಡುಗಿಗೆ ಡೈರಿಯ ಮಾತು ಹೇಳಲು ಜಾಗವೇ ಇರಲಿಲ್ಲ.

ಇನ್ನೊಂದು ಸಣ್ಣ ವಿಷಯ. ದಶಮಾಂಶ ಅಂದ ತಕ್ಷಣ ನಾವೆಲ್ಲ ರೂಪಾಯಿ, ಪೈಸೆ ಅನ್ನುತ್ತೇವೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋದವು. ನಮ್ಮ ಏಳನೇ ತರಗತಿ ಮಕ್ಕಳು ಆಮೇಲೆ ಹುಟ್ಟಿದವರು. ಪೈಸೆಯನ್ನು ಮುಟ್ಟಿಯೇ ಇಲ್ಲದ ಮಗುಗೆ ಪೈಸೆ ಉದಾಹರಣೆ ಕೊಡುತ್ತಿದ್ದೆವು. ಅಲ್ಲದೆ 0.45 ರೂಪಾಯಿಯನ್ನು ನಲವತ್ತೈದು ಪೈಸೆ ಅಂತ ಓದಿಸಿ, 'ನಲವತ್ತೈದು' ಅನ್ನೋ ಭೂತವನ್ನು ನಾವೇ ಒಳಗೆ ಕರೆದಿದ್ದೆವು.

ಮೂರು ವಾರ ಬಿಟ್ಟು ಕಿರಿಯ ಸರ್ ಶಾಲೆಯಲ್ಲಿ ಎರಡನೇ ಪಾಠ. ಆ ದಿನ ಕ್ಲಸ್ಟರಿನ ಸಮಾಲೋಚನಾ ಸಭೆ ಇತ್ತು. ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ನಮ್ಮ ಸಿಆರ್‌ಪಿ ಅದನ್ನು ಅದೇ ಶಾಲೆಯಲ್ಲಿ ಇಟ್ಟು, ಮೊದಲ ಅವಧಿಯನ್ನು ನಮಗೆ ಬಿಟ್ಟುಕೊಟ್ಟರು. ಈ ಸಲ ಚುಕ್ಕೆಯಿಂದ ಶುರು ಮಾಡಲಿಲ್ಲ. ಸರ್ ಕೇಳಿದ್ದು ಇಷ್ಟೇ. "ಅರ್ಧ ಲೀಟರ್ ಹಾಲು ಜಾಸ್ತಿನಾ, ಕಾಲು ಲೀಟರ್ ಜಾಸ್ತಿನಾ?" ಮಕ್ಕಳಿಗೆ ನಗು. ಇದೂ ಒಂದು ಪ್ರಶ್ನೆಯಾ ಅನ್ನೋ ಹಾಗೆ ಎಲ್ಲರೂ ಅರ್ಧ ಅಂದರು. ಆಗ ಬೋರ್ಡಿನ ಮೇಲೆ ಅರ್ಧದ ಕೆಳಗೆ 0.5, ಕಾಲಿನ ಕೆಳಗೆ 0.25 ಅಂತ ಬರೆದು ಸುಮ್ಮನೆ ನಿಂತರು.

ತರಗತಿ ನಿಶ್ಶಬ್ದವಾಯಿತು. ನನ್ನ ಹತ್ತಿರದ ಬೆಂಚಿನ ಹುಡುಗನೊಬ್ಬ ಎದ್ದು ನಿಂತೇಬಿಟ್ಟ. "ಹಂಗಾದ್ರೆ ಇಪ್ಪತ್ತೈದು ಐದಕ್ಕಿಂತ ಚಿಕ್ದಾ ಸಾ?" ಸರ್ ಉತ್ತರ ಹೇಳಲಿಲ್ಲ. ಹತ್ತು ಸಾಲು, ಹತ್ತು ಕಂಬದ ಚೌಕುಳಿ ಹಾಳೆ ಹಂಚಿದರು. 0.5ಕ್ಕೆ ಐದು ಕಂಬ ಬಣ್ಣ ತುಂಬಿದರು. 0.25ಕ್ಕೆ ಎರಡು ಕಂಬ ತುಂಬಿ, ಮೂರನೇ ಕಂಬದಲ್ಲಿ ಐದು ಮನೆ ತುಂಬಿದರು. ಆ ಹುಡುಗ ಎರಡೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮೇಲೆ ನೋಡಿ, ಮತ್ತೆ ಬೋರ್ಡ್ ನೋಡಿದ. ಅವನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಪಾಠದ ಕೊನೆಗೆ 0.45 ಮತ್ತು 0.6 ಕೇಳಿದಾಗ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮಕ್ಕಳು ಸರಿ ಬರೆದರು, ಕಾರಣವನ್ನೂ ಹಾಳೆ ತೋರಿಸಿ ಹೇಳಿದರು.

ನಮಗೆಲ್ಲ ತುಂಬಾ ಖುಷಿ. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಉಳಿದ ಐದು ನಿಮಿಷಕ್ಕೆ ಸರ್ ಇನ್ನೊಂದು ಪ್ರಶ್ನೆ ಕೊಟ್ಟಿದ್ದರು. 0.3 ಮತ್ತು 0.37. ನಾನು ಗಮನಿಸುತ್ತಿದ್ದ ಆರು ಮಕ್ಕಳಲ್ಲಿ ಇಬ್ಬರು 0.3 ದೊಡ್ಡದು ಅಂತ ಬರೆದರು. ಮೊದಲ ಸಲದ ತಪ್ಪಿಗೆ ಪೂರ್ತಿ ಉಲ್ಟಾ! ಅವರಲ್ಲಿ ಒಬ್ಬಳನ್ನು ಯಾಕಮ್ಮ ಅಂತ ಮೆಲ್ಲಗೆ ಕೇಳಿದೆ. "ಹತ್ತು ಭಾಗ ಮಾಡಿದ್ರೆ ತುಂಡು ದೊಡ್ದು ಬರುತ್ತೆ ಮಿಸ್. ನೂರು ಭಾಗ ಮಾಡಿದ್ರೆ ಚಿಕ್ದು" ಅಂದಳು. ತುಂಡಿನ ಅಳತೆ ಸರಿಯಾಗಿ ಹಿಡಿದಿದ್ದಾಳೆ, ಎಷ್ಟು ತುಂಡು ಅನ್ನೋದನ್ನು ಬಿಟ್ಟಿದ್ದಾಳೆ.

ಇದನ್ನು ಚರ್ಚೆಯಲ್ಲಿ ಹೇಳಿದಾಗ ಹಿರಿಯ ಮೇಡಂ ನಮ್ಮ ಪಾಠದ ಹಾಳೆಯನ್ನೇ ದಿಟ್ಟಿಸಿ ನೋಡಿದರು. "ತಪ್ಪು ಮಕ್ಕಳದಲ್ಲ. ನಾವು ಕೊಟ್ಟ ಲೆಕ್ಕ ನೋಡಿ. 0.5, 0.25. 0.6, 0.45. ಎರಡರಲ್ಲೂ ಗಿಡ್ಡ ಸಂಖ್ಯೆನೇ ದೊಡ್ಡದು. ಮಕ್ಕಳು ಅದನ್ನೇ ಕಲಿತಿದ್ದಾರೆ." ನಾವು ಐದು ಜನ, ಎಲ್ಲರೂ ಸೇರಿ, ತಿಂಗಳಿಡೀ ಕೂತು ಮಾಡಿದ ಪಾಠ. ಅದರಲ್ಲಿ ಇಷ್ಟು ದೊಡ್ಡ ಕಿಂಡಿ ಇತ್ತು. ಮಕ್ಕಳ ಪಕ್ಕ ನಿಲ್ಲದೆ ಹೋಗಿದ್ದರೆ ಹತ್ತೊಂಬತ್ತು ಸರಿ ಉತ್ತರ ನೋಡಿ ಮನೆಗೆ ಹೋಗುತ್ತಿದ್ದೆವು.

ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲಿ ಇದೇ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಉದ್ದ ಇದ್ದರೆ ದೊಡ್ಡದು ಅನ್ನುವ ಮಕ್ಕಳು ಒಂದು ಬಗೆ, ಗಿಡ್ಡ ಇದ್ದರೆ ದೊಡ್ಡದು ಅನ್ನುವವರು ಇನ್ನೊಂದು ಬಗೆ. ಅಷ್ಟು ದೂರದ ಮಕ್ಕಳೂ ನಮ್ಮ ಮಕ್ಕಳ ಹಾಗೇ ಯೋಚಿಸುತ್ತಾರೆ ಅಂತ ಓದಿದಾಗ ಏನೋ ಒಂದು ಸಮಾಧಾನ. ಇದನ್ನು ಮೊದಲೇ ಓದಿದ್ದರೆ ಕೆಲಸ ಸುಲಭವಾಗುತ್ತಿತ್ತು, ನಿಜ. ಆದರೆ ಡೈರಿಯ ಚೀಟಿ, ಓವರಿನ ಚುಕ್ಕೆ ಯಾವ ಸಂಶೋಧನೆಯಲ್ಲೂ ನಮಗೆ ಸಿಗುತ್ತಿರಲಿಲ್ಲ. ಅವು ನಮ್ಮ ತರಗತಿಯಲ್ಲೇ ಇದ್ದವು.

ಮೂರನೇ ಪಾಠ ಹಿರಿಯ ಮೇಡಂ ಶಾಲೆಯಲ್ಲಿ ಆಯಿತು. ಉದ್ದದ ಸಂಖ್ಯೆ ದೊಡ್ಡದಾಗುವ ಜೋಡಿ, ಗಿಡ್ಡದು ದೊಡ್ಡದಾಗುವ ಜೋಡಿ, 0.4 ಮತ್ತು 0.40ರಂತೆ ಎರಡೂ ಒಂದೇ ಆಗುವ ಜೋಡಿ ಬೆರೆಸಿ ಕೊಟ್ಟೆವು. ಓದುವಾಗ ಬಿಂದು ನಾಲ್ಕು ಐದು ಅಂತ ಬಿಡಿಬಿಡಿಯಾಗಿಯೇ ಓದಿಸಿದೆವು. ಡೈರಿ ಚೀಟಿಯನ್ನು ಮಕ್ಕಳೇ ಮನೆಯಿಂದ ತಂದರು. ಕ್ರಿಕೆಟ್ಟಿನ ಚುಕ್ಕೆ ಬೇರೆ ಯಾಕೆ ಅನ್ನೋದಕ್ಕೇ ಹದಿನೈದು ನಿಮಿಷ ಹೋಯಿತು. ಹೋಗಲಿ ಅಂತ ಬಿಟ್ಟೆವು, ಅದು ಒಳ್ಳೆಯ ಹದಿನೈದು ನಿಮಿಷ. ಮೇಡಂ ಇಡೀ ಪಾಠದಲ್ಲಿ ಡಸ್ಟರ್ ಮುಟ್ಟಲಿಲ್ಲ. ಜಪಾನಿನ ಶಿಕ್ಷಕರು ಹಾಗೇ ಮಾಡುತ್ತಾರಂತೆ. ಮಕ್ಕಳ ಒಂದೊಂದು ಯೋಚನೆಯೂ ಬೋರ್ಡಿನ ಮೇಲೆ ಕೊನೆವರೆಗೂ ಇತ್ತು, ತಪ್ಪಾದದ್ದೂ.

ಇದೆಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಒಮ್ಮೆ ಒಬ್ಬ ಅಧಿಕಾರಿ, ನಾಲ್ಕು ಜನ ಸುಮ್ಮನೆ ನಿಂತು ನೋಡೋದು ಕೆಲಸವಾ ಅಂತ ಕೇಳಿದರು. ಆ ಮಾತು ಬಹಳ ನೋವಾಯಿತು. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿಪರ ಬೆಳವಣಿಗೆ ಬೇಕು ಅನ್ನುತ್ತದೆ. ಸುಮ್ಮನೆ ನಿಂತು ಮಕ್ಕಳನ್ನು ನೋಡಿದ ಈ ಗಂಟೆಗಳೂ ಆ 50ರಲ್ಲಿ ಸೇರಬೇಕು ಅಂತ ನಾನು ಕೇಳುತ್ತೇನೆ. ತಿಂಗಳಿಗೆ ಒಂದು ಅವಧಿ, ವೇಳಾಪಟ್ಟಿಯಲ್ಲೇ, ಅಕ್ಕಪಕ್ಕದ ಶಾಲೆಗಳ ಗಣಿತದವರಿಗೆ ಬಿಟ್ಟುಕೊಟ್ಟರೆ ಸಾಕು. ಹಣ ಬೇಕಿಲ್ಲ, ಬ್ಯಾನರ್ ಬೇಕಿಲ್ಲ. ನಾಲ್ಕು ಕುರ್ಚಿ ಎಲ್ಲ ಶಾಲೆಯಲ್ಲೂ ಇರುತ್ತವೆ.

ಕಿಟಕಿ ಪಕ್ಕದ ಹುಡುಗಿ ಈಗ ಎಂಟನೇ ತರಗತಿ. ಮೂರನೇ ಪಾಠ ಆದ ವಾರ ನಾನು ಅವಳ ತರಗತಿಯಲ್ಲಿ ಡೈರಿಯ ಲೆಕ್ಕವನ್ನು ಎಲ್ಲರಿಗೂ ಹೇಳಿಕೊಡು ಅಂದಿದ್ದೆ. ಬೋರ್ಡ್ ಹತ್ತಿರ ಬಂದು, ಚಾಕ್‌ಪೀಸ್ ಹಿಡಿದು, 8.45 ಮತ್ತು 8.5 ಬರೆದಳು. ಬರೆದು ನನ್ನ ಕಡೆ ತಿರುಗಿ ಕೇಳಿದಳು. "ಇಲ್ಲೂ ಅದೇನಾ ಮಿಸ್?"

ನಿನ್ನೆ ರಾತ್ರಿ ಒಂಬತ್ತಕ್ಕೆ ಕಿರಿಯ ಸರ್ ವಾಟ್ಸಾಪಿನಲ್ಲಿ ಒಂದು ನೋಟ್‌ಬುಕ್ ಪುಟದ ಫೋಟೊ ಹಾಕಿದ್ದಾರೆ. ಮಗು −3 − 5 = 8 ಅಂತ ಬರೆದಿದೆ. ಮೈನಸ್ ಮೈನಸ್ ಪ್ಲಸ್ ಅಂತ ನಾವೇ ಕಂಠಪಾಠ ಮಾಡಿಸಿದ್ದರ ಫಲ ಇರಬೇಕು ಅಂತ ನಾನು ಬರೆದೆ. ಹಿರಿಯ ಮೇಡಂ ಬರೆದರು. "ಇರಬಹುದು. ಬೆಳಿಗ್ಗೆ ಮಗೂನೇ ಕೇಳಿ ನೋಡಿ ಸರ್. ಶನಿವಾರ ನಿಮ್ಮ ಶಾಲೆಗೇ ಬರ್ತೀವಿ."